ಲಗ್ನಪತ್ರಿಕೆಯಲ್ಲಿ ಮಾಡಿದ ಸೆಂಚುರಿಯನ್ ಟ್ಯಾಂಕು

ಮೇಜಿನ ಮೇಲೆ ಪುಟ್ಟ ಮಾದರಿ ಟ್ಯಾಂಕುಗಳನ್ನು ಇಟ್ಟು 1965ರ ಅಸಲ್ ಉತ್ತರ್ ಕದನ ಆಡಬೇಕು ಅನ್ನೋದು ನನಗೆ ಬಹಳ ದಿನದ ಆಸೆ. ಪಂಜಾಬಿನ ಖೇಮಕರಣ್ ಹತ್ತಿರ ಸೆಪ್ಟೆಂಬರ್ 8ರಿಂದ 10ರವರೆಗೆ ನಡೆದ ಕಾಳಗ ಅದು. ಆ ಕಡೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು, ಈ ಕಡೆ ನಮ್ಮ ಸೆಂಚುರಿಯನ್, ಶರ್ಮನ್, ಎಎಂಎಕ್ಸ್-13 ಟ್ಯಾಂಕುಗಳು. ಒಂದೆರಡು ಟ್ಯಾಂಕು ಇಟ್ಟುಕೊಂಡು ಆಡೋ ಆಟ ಅಲ್ಲ, ಹದಿನೈದಾದರೂ ಬೇಕು. ಅಷ್ಟು ಕಿಟ್ ಕೊಳ್ಳುವ ಮಾತೇ ಇಲ್ಲ ಅಂತ ಮನೆಯ ರದ್ದಿ ಡಬ್ಬ ಸುರುವಿಕೊಂಡು ಕೂತೆ.

ಮೊದಲ ಟ್ಯಾಂಕನ್ನು ಕಣ್ಣಳತೆಯಲ್ಲಿ ಮಾಡಿದೆ. ಸುಮ್ನೆ ಒಂದು ಡಬ್ಬದ ಮೇಲೆ ಇನ್ನೊಂದು ಡಬ್ಬ ಕೂರಿಸಿದ ಹಾಗಾಯಿತು. ಆಮೇಲೆ ಲೆಕ್ಕ ಹಾಕಿದೆ. ಸೆಂಚುರಿಯನ್ 3.38 ಮೀಟರ್ ಅಗಲ, ಸುಮಾರು 3 ಮೀಟರ್ ಎತ್ತರ, ತೋಪು ಬಿಟ್ಟು ಒಡಲಿನ ಉದ್ದ 7.6 ಮೀಟರ್. ನನ್ನ ಮಾದರಿಗಳು ನಿಜವಾದದ್ದರ 72ನೇ ಒಂದು ಪಾಲು, ಹಾಗಾಗಿ ಅದನ್ನು 72ರಿಂದ ಭಾಗಿಸಿದರೆ 47, 42, 106 ಮಿಲಿಮೀಟರ್. ಈ ಮೂರು ಅಳತೆ ಸರಿ ಇದ್ದರೆ ಮೂರಡಿ ದೂರದಿಂದ ನೋಡುವವನ ಕಣ್ಣಿಗೆ ಅದು ಸೆಂಚುರಿಯನ್ನೇ, ಬೋಲ್ಟು ನಟ್ಟುಗಳನ್ನು ಯಾರೂ ಎಣಿಸೋದಿಲ್ಲ. ಅವತ್ತಿನಿಂದ ಮನೆಯಲ್ಲಿ ಏನನ್ನೇ ಎಸೆಯೋ ಮುಂಚೆ ಸ್ಕೇಲು ಹಿಡಿದು ಅಳೆಯುತ್ತೇನೆ.

ಶುರು ಮಾಡೋಕೆ ಸೆಂಚುರಿಯನ್ ತುಂಬ ಒಳ್ಳೆಯದು. ಅದರ ಎರಡೂ ಪಕ್ಕದಲ್ಲಿ ಉಕ್ಕಿನ ತಗಡು ಇಳಿಬಿದ್ದಿರುತ್ತದೆ, ಚಕ್ರದ ಕೆಳಭಾಗ ಮಾತ್ರ ಕಾಣುತ್ತದೆ. ಒಂದೊಂದು ಪಕ್ಕದ ಆರು ಚಕ್ರಕ್ಕೆ ಆರು ಅಂಗಿ ಗುಂಡಿ. 11 ಮಿಲಿಮೀಟರಿನ ಮಾಮೂಲಿ ಗುಂಡಿ ಸರಿಯಾಗಿ ಕೂರುತ್ತದೆ. ಪಕ್ಕದ ತಗಡಿಗೆ, ಒಡಲಿಗೆ ಹಳೇ ಲಗ್ನಪತ್ರಿಕೆಗಳು, ಎರಡು ಪದರ ಫೆವಿಕಾಲ್ ಹಚ್ಚಿ ಅಂಟಿಸಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯೆಲ್ಲ ಬಿಡಬೇಕು. ಅವಸರ ಮಾಡಿದರೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಬಣ್ಣವನ್ನೂ ಎರಡೂ ಕಡೆ ಬಳಿಯಬೇಕು, ಇಲ್ಲದಿದ್ದರೆ ಅದೇ ಕತೆ. ಚೈನಿಗೆ ತೆಳು ರಟ್ಟಿನ ಡಬ್ಬ ತಗೊಂಡು ಮೇಲಿನ ಕಾಗದವನ್ನು ಸ್ವಲ್ಪ ಒದ್ದೆ ಮಾಡಿ ಸುಲಿದರೆ ಒಳಗಿನ ಏಣು ಕಾಣುತ್ತದೆ, ಅದೇ ಚೈನು. ತೋಪಿನ ನಳಿಕೆಗೆ ಇಯರ್ ಬಡ್ ಕಡ್ಡಿ.

ಪ್ಯಾಟನ್ನಿನ ತಲೆ, ಅಂದರೆ ತೋಪು ಕೂತಿರುವ ತಿರುಗುವ ಮೇಲ್ಭಾಗ, ನನ್ನನ್ನು ಎರಡು ವಾರ ಕಾಡಿತು. ಸೆಂಚುರಿಯನ್ನಿನದನ್ನು ರಟ್ಟಿನಲ್ಲಿ ಮಡಚಬಹುದು, ಪ್ಯಾಟನ್ನಿನದು ಆಮೆಯ ಚಿಪ್ಪು. ಥರ್ಮೋಕೋಲ್ ಕೆತ್ತಿ ಸ್ಪ್ರೇ ಬಣ್ಣ ಹೊಡೆದೆ, ಕಣ್ಣೆದುರೇ ಕರಗಿ ಗುಂಡಿ ಬಿತ್ತು. ಒಂದು ರಾತ್ರಿ ಹೋಟೆಲಿನಿಂದ ಪಾರ್ಸೆಲ್ ತಂದಾಗ ಪ್ಲಾಸ್ಟಿಕ್ ಚಮಚ ಬಂತು. ಮಗುಚಿ ನೋಡಿದರೆ ಅದೇ ಆಕಾರ! ಹಿಡಿ ಕತ್ತರಿಸಿ, ಹೊಟ್ಟೆಗೆ ಎಂ-ಸೀಲ್ ತುಂಬಿ, ಕೆಳಗೆ 3 ಮಿಲಿಮೀಟರ್ ರಟ್ಟಿನ ಬಳೆ ಕೊಟ್ಟೆ. ಎಂ-ಸೀಲಿನಿಂದ ತೂಕವೂ ಬಂತು. ತೂಕ ಇಲ್ಲದ ಟ್ಯಾಂಕು ಮೇಜಿಗೆ ಹಾಸಿದ ಬಟ್ಟೆಯ ಮೇಲೆ ನಿಲ್ಲೋದೇ ಇಲ್ಲ, ತೋಳು ತಾಗಿದರೆ ಸಾಕು ಸರಿದುಹೋಗುತ್ತದೆ.

ಮೊದಲ ಆಟದ ದಿನ ಎಲ್ಲರ ಬೆರಳೂ ಹಸಿರು. ಪೋಸ್ಟರ್ ಕಲರ್ ಬೆವರಿಗೆ ಬಿಟ್ಟುಕೊಂಡಿತ್ತು. ಕೈಯಲ್ಲಿ ಹಿಡಿದು ಸರಿಸೋ ವಸ್ತು ಅಲ್ವಾ, ಅಕ್ರಿಲಿಕ್ ಬಣ್ಣವೇ ಆಗಬೇಕು, ಮೇಲೊಂದು ಕೈ ವಾರ್ನಿಷ್. ಹದಿನೈದನ್ನೂ ಮತ್ತೆ ಬಳಿದೆ.

ಹೊಲ ಮಾಡುವಾಗ ಮಾತ್ರ ಮೈ ಜುಮ್ ಅಂದಿತು. ಹುಲ್ಲು ಪೊರಕೆಯ ತುದಿಗಳನ್ನು ಕತ್ತರಿಸಿ ಕಬ್ಬಿನ ಗದ್ದೆ ನೆಟ್ಟೆ. ಹತ್ತಡಿ ಕಬ್ಬು ಅಂದರೆ ನಮ್ಮ ಅಳತೆಗೆ 42 ಮಿಲಿಮೀಟರ್, ಸೆಂಚುರಿಯನ್ನಿನಷ್ಟೇ ಎತ್ತರ. ಟ್ಯಾಂಕನ್ನು ಒಳಗೆ ಇಟ್ಟೆ, ಬಗ್ಗಿ ಮೇಜಿನ ಮಟ್ಟಕ್ಕೆ ಕಣ್ಣು ತಂದೆ. ಏನೂ ಕಾಣಲಿಲ್ಲ. ನೀರು ಬಿಟ್ಟ ಗದ್ದೆಯ ಕೆಸರಲ್ಲಿ ಹೂತುಕೊಂಡು ಬರುತ್ತಿದ್ದ ಪ್ಯಾಟನ್ನಿನವರಿಗೆ ಕಬ್ಬಿನೊಳಗೆ ಕಾದು ಕೂತವರು ಯಾಕೆ ಕಾಣಲಿಲ್ಲ ಅಂತ ಓದಿ ತಿಳಿದದ್ದಕ್ಕಿಂತ ಜಾಸ್ತಿ ಆಗ ತಿಳಿಯಿತು. ಕೆಸರಿಗೆ ಕಂದು ಬಣ್ಣದ ಮೇಲೆ ತೆಳ್ಳಗೆ ಮೂರು ಸಲ ಫೆವಿಕಾಲ್ ಬಳಿದೆ, ಒಣಗಿದ ಮೇಲೂ ಒದ್ದೆಯಂತೆ ಹೊಳೆಯುತ್ತದೆ.

ಈಗ ಇದೇ ಕಾಳಗಕ್ಕೆ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದರ ಜೀಪು ಮಾಡುತ್ತಿದ್ದೇನೆ. ಅದರ ಮೇಲಿನ 106 ಎಂಎಂ ತೋಪು ಹೆಚ್ಚುಕಡಿಮೆ ಜೀಪಿನಷ್ಟೇ ಉದ್ದ, 47 ಮಿಲಿಮೀಟರ್. ಇಯರ್ ಬಡ್ ಕಡ್ಡಿ ದಪ್ಪ ಆಯಿತು, ಉರಿದು ಉಳಿದ ಊದುಬತ್ತಿ ಕಡ್ಡಿ ಸರಿಹೋಯಿತು.