ಜೋಗದ ದಾರಿಯಲ್ಲಿ ಶಿವಮೊಗ್ಗಕ್ಕೆ ಎರಡು ದಿನ ಎತ್ತಿಡುವ ಬಗೆ

ಜೋಗಕ್ಕೋ ಸಿಗಂದೂರಿಗೋ ಹೊರಟವರು ಶಿವಮೊಗ್ಗವನ್ನು ಬಸ್ಸು ಬದಲಿಸಿ ಕಾಫಿ ಕುಡಿಯುವ ಊರೆಂದೇ ಎಣಿಸುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಎಣಿಸಿದ್ದೆ. ಒಮ್ಮೆ ಸಾಗರದ ಕೊನೆಯ ಬಸ್ಸು ತಪ್ಪಿ, ನಿಲ್ದಾಣದ ಸಮೀಪದ ವಸತಿಗೃಹವೊಂದರಲ್ಲಿ ಸೊಳ್ಳೆಗಳ ಜೊತೆ ರಾತ್ರಿ ಕಳೆದು, ಬೆಳಿಗ್ಗೆ ಬೇಸರದಲ್ಲೇ ಹೊಳೆಯ ಕಡೆಗೆ ನಡೆದುಹೋದೆ. ಅಂದು ಜೋಗಕ್ಕೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಆ ಎರಡು ದಿನ ಗೊತ್ತುಗುರಿಯಿಲ್ಲದೆ ಅಲೆದೆ. ಅನಂತರ ಹಲವು ಬಾರಿ ಹೋಗಿ ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾರವನ್ನು ನೋಡಿಕೊಳ್ಳಬೇಕು. ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ, ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಮಂಗಳವಾರ ರಜೆ. ಆದ್ದರಿಂದ ಬುಧವಾರದ ನಂತರ ಹೊರಡುವುದು ಲೇಸು. ಮಳೆಗಾಲದಲ್ಲಿ ಹೋಗುವವರು ಕೊಡೆಯನ್ನಷ್ಟೇ ನಂಬದೆ ಒಂದು ಜೊತೆ ಹೆಚ್ಚಿನ ಬಟ್ಟೆಯನ್ನೂ ಒಯ್ಯಬೇಕು. ಮಲೆನಾಡಿನಲ್ಲಿ ಒಗೆದದ್ದು ಒಣಗುವುದಿಲ್ಲ.

ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 300 ಕಿ.ಮೀ. ದೂರವಿದೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆರಂಭವಾಗಿದೆ. ಆದರೂ ನನ್ನ ಆಯ್ಕೆ ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು. ಅದು ಬೆಳಕು ಹರಿಯುವ ಮೊದಲೇ ಶಿವಮೊಗ್ಗ ಟೌನ್ ನಿಲ್ದಾಣದಲ್ಲಿ ಇಳಿಸುವುದರಿಂದ, ಸ್ನಾನ ಮುಗಿಸಿ ಕಡುಬು-ಚಟ್ನಿ ತಿಂದು ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೊರಡಲು ಬೇಕಾದಷ್ಟು ಸಮಯ ಸಿಗುತ್ತದೆ.

ಸಕ್ರೆಬೈಲು ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದಲ್ಲಿದ್ದು, ಆ ಕಡೆಯ ಬಸ್ಸುಗಳು ಬಿಡಾರದ ಬಳಿಯೇ ನಿಲ್ಲುತ್ತವೆ. ಇಲ್ಲಿ ಬೆಳಗಿನ ಹೊತ್ತನ್ನು ತಪ್ಪಿಸಿಕೊಂಡರೆ ಹೋದದ್ದೇ ವ್ಯರ್ಥ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟಿದ್ದ ಆನೆಗಳನ್ನು ಮಾವುತರೂ ಅವರ ಸಹಾಯಕರಾದ ಕಾವಾಡಿಗಳೂ ಬೆಳಿಗ್ಗೆ ಹುಡುಕಿ ಕರೆತಂದು, ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಲಗಿಸಿ ಮೈ ಉಜ್ಜುವ ಕೆಲಸ ಮಧ್ಯಾಹ್ನಕ್ಕೆ ಮೊದಲೇ ಮುಗಿದುಹೋಗುತ್ತದೆ. ಎಂಟೂವರೆಯ ಹೊತ್ತಿಗೆ ಅಲ್ಲಿರುವುದು ಉತ್ತಮ. ಮರಿ ಎಷ್ಟೇ ಮುದ್ದಾಗಿ ಕಂಡರೂ ಮಾವುತನನ್ನು ಕೇಳದೆ ಹತ್ತಿರ ಹೋಗಬಾರದು, ಏಕೆಂದರೆ ತಾಯಿ ಎಲ್ಲಿದೆಯೆಂಬುದು ನಮಗಿಂತ ಅವನಿಗೆ ಚೆನ್ನಾಗಿ ತಿಳಿದಿರುತ್ತದೆ.

ಊರಿಗೆ ಮರಳಿ ಊಟ ಮುಗಿಸಿದ ಮೇಲೆ ಕೋಟೆಯ ಕಡೆಗಿರುವ ಅರಮನೆಗೆ ಹೋಗಬಹುದು. ಹೆಸರು ಕೆಳದಿಯ ಶಿವಪ್ಪನಾಯಕನದಾದರೂ ಈಗಿನ ಕಟ್ಟಡ 18ನೇ ಶತಮಾನದಲ್ಲಿ ಹೈದರಾಲಿಯ ಕಾಲದ್ದೆಂದು ಹೇಳುವವರಿದ್ದಾರೆ. ಮರದ ಕಂಬಗಳ ತೊಟ್ಟಿಯನ್ನು ನೋಡಿ ಒಂದೆರಡು ಚಿತ್ರ ತೆಗೆದು ಹೊರಟುಬಿಡುವವರೇ ಹೆಚ್ಚು. ನಿಜವಾದ ಸಂಪತ್ತು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲು ಮತ್ತು ಮಾಸ್ತಿಗಲ್ಲುಗಳಲ್ಲಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದಾಡಿ ಸತ್ತ ಸಂದರ್ಭವಿರುತ್ತದೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ತುದಿಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಕೆಳಗೆ ದನಗಳ ಸಾಲು ಕಂಡರೆ ಅದು ತುರುಗಾಳಗದ, ಅಂದರೆ ದನಗಳಿಗಾಗಿ ನಡೆದ ಕಾಳಗದ ಕಲ್ಲು. ಕಂಬದಿಂದ ಹೊರಚಾಚಿ ಮಡಿಸಿದ, ಬಳೆ ತೊಟ್ಟ ತೋಳು ಕಂಡರೆ ಅದು ಮಾಸ್ತಿಗಲ್ಲು, ಸತಿ ಹೋದ ಹೆಣ್ಣಿನ ನೆನಪಿನ ಕಲ್ಲು. ಇಷ್ಟು ತಿಳಿದು ನಿಂತರೆ ಒಂದು ಗಂಟೆ ಸಾಲದು.

ಸಂಜೆಗೆ ತುಂಗೆಯ ದಡ. ಸೇತುವೆಯ ಬಳಿ, ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಕಲ್ಲಿನ ಮಂಟಪವೊಂದಿದೆ. ಮಳೆಗಾಲದಲ್ಲಿ ಊರಿನವರಿಗೆ ಅದೇ ಅಳತೆಗೋಲು: ಮಂಟಪ ಮುಳುಗಿದರೆ ಹೊಳೆ ತುಂಬಿತೆಂದು ಲೆಕ್ಕ, ಅದನ್ನು ನೋಡಲೆಂದೇ ಜನ ಸೇತುವೆಯ ಮೇಲೆ ಸೇರುತ್ತಾರೆ. ಬೇಸಿಗೆಯಲ್ಲಿ ಹೋದವರಿಗೆ ಈ ಸಂಭ್ರಮ ಸಿಗದಿದ್ದರೂ ಬೇರೊಂದು ಲಾಭವಿದೆ, ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಪೇಟೆಗೆ ಉಪ್ಪಿನಕಾಯಿಯ ಮಾವಿನ ಮಿಡಿಯಾದ ಅಪ್ಪೆಮಿಡಿ ಬರುತ್ತದೆ. ಅದನ್ನು ತೂಕಕ್ಕಲ್ಲ, ಎಣಿಕೆಗೆ ಕೊಳ್ಳಬೇಕು. ಕೊಳ್ಳುವ ಮೊದಲು ತೊಟ್ಟು ಮುರಿದು ಸೊನೆಯ ಪರಿಮಳವನ್ನು ಮೂಸಬೇಕು. ಗಾಂಧಿ ಬಜಾರಿನ ಗಲ್ಲಿಗಳಲ್ಲಿ ವಾಹನ ನಿಲ್ಲಿಸಲು ಹೆಣಗುವುದಕ್ಕಿಂತ ನಡೆದೇ ಸುತ್ತುವುದು ಸುಲಭ.

ಎರಡನೆಯ ದಿನವನ್ನು ಎಪಿಎಂಸಿಯ ಅಡಿಕೆ ಮಂಡಿಯಿಂದ ಆರಂಭಿಸಿ. ಪ್ರವಾಸಿಗರು ಇತ್ತ ಸುಳಿಯುವುದೇ ಇಲ್ಲ, ಆದರೆ ಈ ಜಿಲ್ಲೆಯ ಮದುವೆ, ಮನೆ, ಮಕ್ಕಳ ಓದು ಎಲ್ಲವೂ ನಿಂತಿರುವುದು ಇಲ್ಲಿನ ಧಾರಣೆಯ ಮೇಲೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆ ಮಾಡಿದ ಚೀಲಗಳ ನಡುವೆ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ಒಗರು ವಾಸನೆ ತುಂಬಿರುತ್ತದೆ. ಮಂಡಿಯವರನ್ನು ಒಂದು ಮಾತು ಕೇಳಿ ಒಳಗೆ ಹೋದರೆ, ಒಂದು ಬಗೆಗೂ ಇನ್ನೊಂದಕ್ಕೂ ಬೆಲೆಯಲ್ಲಿ ಅಂತರವೇಕೆಂದು ಅವರೇ ಬಿಡಿಸಿ ಹೇಳುವುದುಂಟು. ಹಮಾಲರ ದಾರಿಗೆ ಮಾತ್ರ ಅಡ್ಡ ನಿಲ್ಲಬೇಡಿ.

ಉಳಿದ ಹೊತ್ತಿಗೆ ಕೂಡ್ಲಿ. ಸುಮಾರು 15 ಕಿ.ಮೀ. ದೂರದ ಈ ಊರಿನಲ್ಲಿ ತುಂಗೆಯೂ ಭದ್ರೆಯೂ ಕೂಡಿ ತುಂಗಭದ್ರೆಯಾಗುತ್ತವೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಒಟ್ಟಿಗೇ ಹುಟ್ಟಿ, ಒಂದು ಶೃಂಗೇರಿ-ತೀರ್ಥಹಳ್ಳಿಯ ಕಡೆಯಿಂದ, ಮತ್ತೊಂದು ಲಕ್ಕವಳ್ಳಿ-ಭದ್ರಾವತಿಯ ಕಡೆಯಿಂದ ಸುತ್ತಿಬಂದ ಹೊಳೆಗಳಿವು. ಸಂಗಮದ ಚಿಕ್ಕ ಗುಡಿಯ ಬಳಿ ನೀರು ಶಾಂತವಾಗಿ ಕಂಡರೂ, ಈಜು ಬಲ್ಲವರು ಕೂಡ ಊರಿನವರನ್ನು ವಿಚಾರಿಸದೆ ಇಳಿಯಬಾರದು. ಸಮಯ ಉಳಿದರೆ ಹೊಯ್ಸಳ ಶೈಲಿಯ ರಾಮೇಶ್ವರ ದೇವಾಲಯವನ್ನು ನಿಧಾನವಾಗಿ ನೋಡಿ. ಸಂಸ್ಕೃತ ಗ್ರಾಮವೆಂದು ಹೆಸರಾದ ಮತ್ತೂರನ್ನೂ ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಕ್ಕೆ ಹೆಸರಾದ ಹೊಸಹಳ್ಳಿಯನ್ನೂ ಇದೇ ದಿನ ತುರುಕುವ ಆಸೆ ಬೇಡ. ಅವು ಜನ ಬಾಳುತ್ತಿರುವ ಊರುಗಳು, ಕಿಟಕಿಯಲ್ಲಿ ಇಣುಕಿ ಹೋಗುವ ಪ್ರದರ್ಶನಗಳಲ್ಲ.

ಆ ಮೇಲೂ ಜೋಗಕ್ಕೆ ಹೋಗುವ ಮನಸ್ಸಿದ್ದರೆ, ಮರುದಿನ ನಸುಕಿನಲ್ಲಿ ನೀವು ಬಂದಿಳಿದ ಅದೇ ರೈಲನ್ನು ಹತ್ತಿ ಕೊನೆಯ ನಿಲ್ದಾಣವಾದ ತಾಳಗುಪ್ಪದಲ್ಲಿ ಇಳಿಯಿರಿ. ಜಲಪಾತ ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.