ಸಿಟಿಯ ಅಲಾಯ್, ನನ್ನ ಸ್ವಿಫ್ಟು, ಒಂದು ಉಂಡೆ ಚಪಾತಿ ಹಿಟ್ಟು

"ಸರ್, 4×100 ಅಲ್ವಾ? ಕಣ್ಣು ಮುಚ್ಚಿ ತಗೊಳ್ಳಿ, ಕೂರುತ್ತೆ." ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲಾಯ್ ವೀಲ್ ವಿಚಾರಿಸಿದವರೆಲ್ಲ ಈ ಮಾತು ಕೇಳಿರುತ್ತಾರೆ. 4×100 ಅಂದರೆ ನಟ್ ಹಾಕುವ ತೂತು ನಾಲ್ಕು, ಅವುಗಳ ನಡುಮಧ್ಯದಲ್ಲಿ ಹಾದುಹೋಗುವ ವೃತ್ತದ ಅಗಲ 100 ಎಂಎಂ. ನಾನು ಕೊನೆಗೆ ತಗೊಂಡದ್ದು ಅಂಗಡಿಯಲ್ಲಿ ಅಲ್ಲ, ಹೋಂಡಾ ಸಿಟಿ ಮಾರಿ ರಿಮ್ ಮಾತ್ರ ಉಳಿಸಿಕೊಂಡಿದ್ದ ಒಬ್ಬರ ಮನೆಯಲ್ಲಿ. ಅವರೂ ಅದನ್ನೇ ಹೇಳಿದರು. ನನ್ನದು 2014ರ ಸ್ವಿಫ್ಟ್ ವಿಡಿಐ, 14 ಇಂಚಿನ ಸ್ಟೀಲ್ ರಿಮ್. ಅವರದ್ದು ಕಂಪನಿಯಿಂದ ಕಾರಿನ ಜೊತೆ ಬಂದದ್ದಲ್ಲ, ಹೊರಗಡೆ ಹಾಕಿಸಿದ 15 ಇಂಚಿನದು.

ನಾಲ್ಕಕ್ಕೂ ದುಡ್ಡು ಕೊಡಲಿಲ್ಲ. ಸ್ವಲ್ಪ ಅಡ್ವಾನ್ಸ್ ಕೊಟ್ಟು, ಒಂದು ವೀಲ್ ಎರಡು ದಿನ ಮನೆಗೆ ಕೊಂಡೊಯ್ಯುತ್ತೇನೆ ಅಂದೆ. ಮುಖ ಗಂಟು ಹಾಕಿಕೊಂಡೇ ಒಪ್ಪಿದರು. ಒಪ್ಪದಿದ್ದರೆ ಆ ವ್ಯಾಪಾರವೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ.

ರಿಮ್‌ನಲ್ಲಿ ನಾಲ್ಕಲ್ಲ, ಎಂಟು ತೂತು ಇದ್ದವು. ಗಾಬರಿ ಬೇಡ, ಒಂದೇ ರಿಮ್ ಎರಡು ಥರದ ಕಾರಿಗೆ ಆಗಲಿ ಅಂತ ಹಾಗೆ ಮಾಡುತ್ತಾರೆ: ನಾಲ್ಕು ತೂತು 4×100ಕ್ಕೆ, ಇನ್ನು ನಾಲ್ಕು ಫೋರ್ಡ್ ಫಿಗೊ ಥರದ 4×108ಕ್ಕೆ. ಅಳೆಯುವುದು ಸುಲಭ. ಒಂದು ತೂತಿನ ಹೊರ ಅಂಚಿನಿಂದ ಎದುರು ತೂತಿನ ಒಳ ಅಂಚಿನವರೆಗೆ ಟೇಪ್ ಹಿಡಿದರೆ ಆಯಿತು. ಐದು ತೂತಿದ್ದರೆ ಹೀಗೆ ಆಗಲ್ಲ, ಪಕ್ಕಪಕ್ಕದ ಎರಡು ತೂತುಗಳ ನಡುಮಧ್ಯದ ಅಂತರವನ್ನು 1.7ರಿಂದ ಗುಣಿಸಬೇಕು. ಹುಷಾರಾಗಿರಬೇಕಾದ್ದು ಫಿಯೆಟ್ ಪುಂಟೊ, ಲಿನಿಯಾ ರಿಮ್ ಸಿಕ್ಕಾಗ. ಅವು 4×98. ಎರಡೇ ಎಂಎಂ ವ್ಯತ್ಯಾಸ, ಬಲ ಹಾಕಿದರೆ ನಟ್ ಹತ್ತಿಬಿಡುತ್ತೆ, ಆದರೆ ಓರೆಯಾಗಿ ಕೂತು ಓಡುತ್ತಾ ಓಡುತ್ತಾ ಸಡಿಲವಾಗುತ್ತೆ.

ಆಮೇಲೆ ನಡುವಿನ ದೊಡ್ಡ ತೂತು. ಅದರೊಳಗೆ ಕೂರುವ ಕಾರಿನ ಕಡೆಯ ಉಬ್ಬೇ ಹಬ್. ಸಿಟಿಯ ಹಬ್ 56.1 ಎಂಎಂ, ಸ್ವಿಫ್ಟಿನದು 54.1. ಈ ರಿಮ್ಮಿನ ತೂತೋ 73.1, ಒಳಗೆ ಸಿಟಿಗೆ ಸರಿಯಾದ ಪ್ಲಾಸ್ಟಿಕ್ ರಿಂಗ್ ಇತ್ತು. ಅದೇ ರಿಂಗಲ್ಲಿ ಕೂರಿಸಿ ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತೇ ಆಗಲ್ಲ, ಹೈವೇಗೆ ಹೋಗಿ ಸ್ಟೇರಿಂಗ್ ನಡುಗಿದಾಗ ಗೊತ್ತಾಗುತ್ತೆ, ಜನ ಬ್ಯಾಲೆನ್ಸಿಂಗ್ ಸರಿಯಿಲ್ಲ ಅಂತ ಅಂಗಡಿ ಅಂಗಡಿ ಸುತ್ತುತ್ತಾರೆ. ಹೊರಗೆ 73.1, ಒಳಗೆ 54.1ರ ರಿಂಗ್ ಬೇರೆ ತಂದೆ.

ನಟ್ ವಿಷಯದಲ್ಲಿ ನಿಜಕ್ಕೂ ಎಡವುತ್ತಿದ್ದೆ. ಅವರು ರಿಮ್ ಜೊತೆ ಸಿಟಿಯ ನಟ್‌ಗಳನ್ನೂ ಕೊಟ್ಟಿದ್ದರು. ಮೊದಲನೆಯದು ಎರಡು ಸುತ್ತು ಹೋಗಿ ಬಿಗಿಯಿತು. ಫೋನ್ ಮಾಡಿದರೆ "ಸ್ಪ್ಯಾನರ್‌ಗೆ ಪೈಪ್ ಹಾಕಿ ತಿರುಗಿಸಿ ಸರ್" ಅಂದರು! ಹೋಂಡಾದ ದಾರ (ಥ್ರೆಡ್) 12×1.5, ಅಂದರೆ 12 ಎಂಎಂ ದಪ್ಪ, ಸುತ್ತಿನಿಂದ ಸುತ್ತಿಗೆ 1.5 ಎಂಎಂ. ಸುಜುಕಿಯದ್ದು 12×1.25. ಪೈಪ್ ಹಾಕಿದ್ದರೆ ನಟ್ ಹತ್ತುವ ಬೋಲ್ಟು, ಅಂದರೆ ಸ್ಟಡ್ಡೇ ಹಾಳು. ಇನ್ನೊಂದು, ಹೋಂಡಾದ ಒರಿಜಿನಲ್ ನಟ್‌ನ ಬುಡ ಗುಂಡಗೆ ಇರುತ್ತೆ, ಹೊರಗಡೆಯ ಅಲಾಯ್‌ಗೆ ಹೆಚ್ಚಾಗಿ ಬೇಕಾಗುವುದು ಚೂಪು ಬುಡದ್ದು. ಟಾರ್ಚ್ ಹಾಕಿ ತೂತಿನ ಒಳಗಿನ ಇಳಿಜಾರು ನೋಡಿ, ಅದಕ್ಕೆ ತಕ್ಕ 12×1.25 ನಟ್ 16 ಹೊಸದಾಗಿ ತಗೊಂಡೆ.

ಇನ್ನು ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಟ್ಟನಡುವಿನಿಂದ ಹಬ್‌ಗೆ ತಾಗುವ ಮುಖ ಎಷ್ಟು ಎಂಎಂ ಹೊರಗಿದೆ ಅನ್ನುವ ಲೆಕ್ಕ. ರಿಮ್ ಒಳಗೆ 15×6ಜೆ, ಇಟಿ 40 ಅಂತ ಅಚ್ಚು ಇತ್ತು: 15 ಇಂಚಿನ ರಿಮ್, 6 ಇಂಚು ಅಗಲ, ಆಫ್‌ಸೆಟ್ 40 ಎಂಎಂ. ನನ್ನ ಸ್ಟೀಲ್ ರಿಮ್ ಅಳೆದಾಗ ಸುಮಾರು 45 ಬಂತು. ಅಂದರೆ ಹೊಸ ವೀಲ್ 5 ಎಂಎಂ ಹೊರಗೆ ಸರಿಯುತ್ತೆ. ಟೈರಿನ ಅಗಲ 165ರಿಂದ 185 ಎಂಎಂ ಆದರೆ ಎರಡೂ ಕಡೆ 10 ಎಂಎಂ ಜಾಸ್ತಿ. ಒಟ್ಟಿನಲ್ಲಿ ಒಳಗೆ ಶಾಕ್ ಅಬ್ಸಾರ್ಬರ್ ಕಡೆಗೆ 5, ಹೊರಗೆ ಮಡ್‌ಗಾರ್ಡ್ ಕಡೆಗೆ 15. ಕಾರಿನ ಕೆಳಗೆ ಮಲಗಿ ಬೆರಳಿಟ್ಟು ನೋಡಿದೆ, ಜಾಗ ಇತ್ತು. ರಿಮ್ ಜೊತೆ ಬಂದ ಟೈರಿನ ಮೇಲೆ 2316 ಅಂತ ಇತ್ತು, 2016ರ 23ನೇ ವಾರದ್ದು. ಅವನ್ನು ಇಟ್ಟುಕೊಳ್ಳಲಿಲ್ಲ. 185/65 ಆರ್15 ಹಾಕಿಸಿದೆ, ಸ್ವಿಫ್ಟ್ ಝಡ್‌ಡಿಐಗೆ ಕಂಪನಿಯೇ ಕೊಡುತ್ತಿದ್ದ ಅಳತೆ. ನನ್ನ ಹಳೆಯ 165/80 ಆರ್14ರ ಎತ್ತರಕ್ಕೂ ಇದಕ್ಕೂ 2 ಎಂಎಂ ವ್ಯತ್ಯಾಸ ಅಷ್ಟೇ, ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳಲ್ಲ.

ಇಷ್ಟೆಲ್ಲ ಲೆಕ್ಕ ಸರಿಹೋದರೂ ವೀಲಿನ ಕಡ್ಡಿಗಳ ಹಿಂಬದಿ ಬ್ರೇಕ್ ಕ್ಯಾಲಿಪರ್‌ಗೆ (ಮುಂದಿನ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ತಾಗಬಹುದು. ಅದಕ್ಕೇ ಮನೆಯಲ್ಲಿ ಒಂದು ಉಂಡೆ ಚಪಾತಿ ಹಿಟ್ಟು ಕೇಳಿದೆ. "ಕಾರಿಗೆ ಚಪಾತಿನಾ?" ಅಂತ ಅಮ್ಮ ನಕ್ಕರು. ಕಾರು ಜ್ಯಾಕ್ ಮೇಲಿತ್ತು. ಕ್ಯಾಲಿಪರ್ ಮೇಲೆ ಹಿಟ್ಟು ಮೆತ್ತಿ, ವೀಲ್ ಹಾಕಿ, ನಟ್ ಬಿಗಿದು, ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ಬಿಚ್ಚಿದೆ. ತೀರಾ ತೆಳ್ಳಗಾದ ಕಡೆಯಲ್ಲೂ 4 ಎಂಎಂ ಹಿಟ್ಟು ಉಳಿದಿತ್ತು. ಸಾಕು. ಹಿಂದಿನ ವೀಲಿಗೆ ಡ್ರಮ್ ಬ್ರೇಕ್, ಅಲ್ಲಿ ಈ ತಲೆನೋವಿಲ್ಲ.

ಮರುದಿನ ಉಳಿದ ಮೂರನ್ನೂ ತಂದು, ದುಡ್ಡು ಕೊಡುವ ಮೊದಲೇ ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ಮಷೀನಿಗೆ ಹಾಕಿಸಿ ತಿರುಗಿಸಿದೆ. ಒಂದು ಸ್ವಲ್ಪ ಬೆಂಡ್ ಇತ್ತು, ಆದರೆ ಒಳ ಅಂಚಿನಲ್ಲಿ ವೆಲ್ಡಿಂಗ್ ಗುರುತು ಇರಲಿಲ್ಲ. ವೆಲ್ಡ್ ಮಾಡಿದ ರಿಮ್ಮನ್ನು ಪುಕ್ಕಟೆ ಕೊಟ್ಟರೂ ನಾನು ತಗೊಳ್ಳಲ್ಲ. ಬೆಂಡ್ ತೆಗೆಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೆ.

ಎಲ್ಲ ಹಾಕಿ ಹೊರಟರೆ ಎಡ ಮುಂದಿನಿಂದ ಟಿಕ್ ಟಿಕ್ ಸದ್ದು! ರಿಮ್ ಒಳಗೆ ಅಂಟಿಸಿದ್ದ ಬ್ಯಾಲೆನ್ಸಿಂಗ್ ತೂಕ ಕ್ಯಾಲಿಪರ್‌ಗೆ ತಾಗುತ್ತಿತ್ತು. ಹಿಟ್ಟಿನ ಪರೀಕ್ಷೆ ಮಾಡುವಾಗ ಅದು ಇರಲೇ ಇಲ್ಲವಲ್ಲ! ಅಂಚಿನ ಕಡೆಗೆ ಸರಿಸಿ ಅಂಟಿಸಿದ ಮೇಲೆ ಸುಮ್ಮನಾಯಿತು. ಆಮೇಲೆ ತಮ್ಮಂದಿರನ್ನೆಲ್ಲ ಹಿಂದೆ ತುಂಬಿಕೊಂಡು ಹಂಪ್ ಹಾರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ರಿವರ್ಸ್ ಕೂಡ ಹೋದೆ. ಮಡ್ ಫ್ಲ್ಯಾಪ್‌ನ ಅಂಚು ಮಾತ್ರ ಸವರಿತು, ಬ್ಲೇಡಿನಲ್ಲಿ ಒಂದು ಬೆರಳಗಲ ಕತ್ತರಿಸಿದೆ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿದೆ, ಎರಡು ಸ್ವಲ್ಪ ತಿರುಗಿದವು.

ಸ್ಟೆಪ್ನಿ ಹಳೆಯ ಸ್ಟೀಲ್ ರಿಮ್ಮೇ. ಅದಕ್ಕಾಗಿ ಹಳೆಯ ನಾಲ್ಕು ನಟ್‌ಗಳನ್ನು ಒಂದು ಬಟ್ಟೆ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಜ್ಯಾಕ್ ಪಕ್ಕ ಇಟ್ಟಿದ್ದೇನೆ.