ಲೋಕಲ್ ಇಳಿದ ಮೇಲೆ ಸ್ವಲ್ಪ ಹೊತ್ತು ಹೂ ಕಟ್ಟಿ ನೋಡಿ

ಮುಂಬೈ ಕನ್ನಡಿಗ ಗೆಳೆಯರೇ, ಲೋಕಲ್‌ನಲ್ಲಿ ನಿಂತೇ ಬಂದು ಮನೆ ಸೇರಿದರೂ ತಲೆಯೊಳಗೆ ಆಫೀಸಿನ ಗದ್ದಲ ನಿಂತಿರುವುದಿಲ್ಲ, ಅಲ್ವಾ? ಆಗ ಫೋನ್ ಹಿಡಿಯಬೇಡಿ. ಹೂ ಕಟ್ಟಿ.

ಬೆಳಿಗ್ಗೆ ದಾದರ್ ಪಶ್ಚಿಮದ ಹೂವಿನ ಮಾರ್ಕೆಟ್‌ನಲ್ಲೋ ಮಾಟುಂಗಾದಲ್ಲೋ ಬಿಡಿ ಮಲ್ಲಿಗೆ ತನ್ನಿ. ಅರಳಿದ್ದು ಬೇಡ, ಬಿಗಿ ಮೊಗ್ಗೇ ಇರಲಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಸಂಜೆವರೆಗೂ ಚೆನ್ನಾಗಿರುತ್ತದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರ ಸುತ್ತಿ ಒಂದು ಗಂಟು. ಜಾಸ್ತಿ ಎಳೆದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಹೂ ಉದುರುತ್ತದೆ. ಹಾಗಾಗಿ ಗಮನವೆಲ್ಲ ಬೆರಳ ತುದಿಯಲ್ಲೇ ಇರಬೇಕು. ಹಗಲು ಯಾರೋ ಅಂದ ಮಾತು ನೆನಪಾಗಲು ಜಾಗವೇ ಇರುವುದಿಲ್ಲ. ನನಗಂತೂ ಇದೇ ದೊಡ್ಡ ಲಾಭ. ಗಂಡಸರೂ ಕಟ್ಟಬಹುದು, ಸಂಕೋಚ ಬೇಡ.

ಕೂರುವ ಮೊದಲು ಉಸಿರು ನಿಧಾನ ಮಾಡಿಕೊಳ್ಳಿ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಅದಕ್ಕೇ ಬಿಡುವುದು ಉದ್ದವಾಗಿರಲಿ.

ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನಿಸಿದರೆ ಹೂವಷ್ಟೇ ಸಾಲದು. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.